‘ಇದರ ಹಣ ಸೇವೆಗೆ ಹೋಗುತ್ತದೆ’ ಎಂದು ಬರೆದ ವಸ್ತು ಕೊಳ್ಳುವ ಮುಂಚೆ ಹೀಗೆ ಪರೀಕ್ಷಿಸಿ

ದೀಪಾವಳಿ ಹತ್ತಿರ ಬಂದರೆ ಸಾಕು, ನನಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. “ಗೋಪಿ ಸರ್ಕಲ್ ಹತ್ತಿರ ಸಗಣಿ ಹಣತೆ ಮಾರ್ತಿದ್ದಾರೆ, ದುಡ್ಡು ಗೋಶಾಲೆಗೆ ಹೋಗುತ್ತಂತೆ, ನಿಜಾನಾ?” ಶಾಲೆ ಶುರುವಾಗುವಾಗ ಅದೇ ಪ್ರಶ್ನೆ ನೋಟ್‌ಬುಕ್ಕಿನ ಬಗ್ಗೆ. ಮಳೆ ಜೋರಾಗಿ ಎಲ್ಲಾದರೂ ಗುಡ್ಡ ಕುಸಿದರೆ ಟೀ ಶರ್ಟಿನ ಬಗ್ಗೆ. ಜೋಗಕ್ಕೆ ಹೋಗಿ ಬಂದವರು ಜೇನಿನ ಬಾಟಲಿ ಹಿಡಿದು ಕೇಳುತ್ತಾರೆ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ಹಲವು ವರ್ಷ ಶಿವಮೊಗ್ಗ, ಸಾಗರ ಕಡೆಯ ಸಣ್ಣ ಸಂಘಗಳ ಲೆಕ್ಕ ಬರೆದವಳು. ಹಣ ದಾರಿಯಲ್ಲಿ ಹೇಗೆ ಸೋರುತ್ತದೆ ಎಂದು ಹತ್ತಿರದಿಂದ ನೋಡಿದ್ದೇನೆ. ನಾನು ನೋಡಿದ ಮಟ್ಟಿಗೆ, ಕದ್ದು ತಿನ್ನುವವರು ಕಡಿಮೆ. ‘ಎಷ್ಟು, ಯಾರಿಗೆ, ಯಾವಾಗ’ ಎಂದು ಯಾರೂ ಕೇಳುವುದಿಲ್ಲ, ಹಾಗಾಗಿ ಯಾರೂ ಬರೆದಿಡುವುದಿಲ್ಲ. ಪ್ಯಾಕಿಂಗ್, ಸಾಗಣೆ, ಮಳಿಗೆ ಬಾಡಿಗೆ ಎಲ್ಲ ಕಳೆದು ಕೊನೆಗೆ ತಲುಪಬೇಕಾದವರಿಗೆ ಚೂರೇ ಚೂರು ಉಳಿಯುತ್ತದೆ. ಈ ಮೂರು ಪ್ರಶ್ನೆ ಕೇಳುವವರು ನೀವಾಗಬೇಕು.

ಬೇಕಾಗಿರುವುದು ಇಷ್ಟೇ: ವಸ್ತುವಿನ ಪೊಟ್ಟಣ ಅಥವಾ ಜಾಹೀರಾತಿನ ಫೋಟೊ, ಇಂಟರ್ನೆಟ್ ಇರುವ ಫೋನ್, ಹದಿನೈದು ನಿಮಿಷ. 50 ರೂಪಾಯಿಯ ಹಣತೆಗೆ ಮೊದಲ ಎರಡು ಹಂತ ಸಾಕು. ಕಚೇರಿಗೆ, ಮದುವೆಗೆ, ಗೃಹಪ್ರವೇಶಕ್ಕೆ ಉಡುಗೊರೆ ಅಂತ ನೂರಾರು ಕೊಳ್ಳುವವರು ಮಾತ್ರ ಒಂದನ್ನೂ ಬಿಡಬೇಡಿ.

ಹಂತ 1: ಇದು ಯಾವ ಬಗೆಯ ಮಾರಾಟ ಎಂದು ಗುರುತಿಸಿ

ಮೇಲ್ನೋಟಕ್ಕೆ ಎಲ್ಲ ಒಂದೇ ಥರ ಕಾಣುತ್ತವೆ. ಆದರೆ ಮೂರು ಬಗೆ ಇವೆ.

ಒಂದು, ಅಂಗಡಿ ಅಥವಾ ಕಂಪನಿ ತನ್ನ ಮಾಮೂಲಿ ಸರಕನ್ನೇ ಮಾರಿ, ಅದರಲ್ಲೊಂದು ಪಾಲನ್ನು ಸೇವಾ ಸಂಸ್ಥೆಗೆ ಕೊಡುತ್ತೇನೆ ಎನ್ನುವುದು. ಎರಡು, ಸಂಸ್ಥೆಯೇ ತನಗಾಗಿ ಮಾರುವುದು. ಅಕ್ಟೋಬರ್ 2ಕ್ಕೆ ಶುರುವಾಗುವ, ಕ್ಷಯರೋಗ ನಿವಾರಣೆಗೆಂದು ಮಾರುವ ಅಂಚೆಚೀಟಿಯಂಥ ಸೀಲು, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆಯ ಪುಟ್ಟ ಬಾವುಟ ಈ ಗುಂಪಿನವು. ಮೂರು, ವಸ್ತು ಮಾಡಿದವರೇ ಮಾರುವುದು: ಸ್ವಸಹಾಯ ಸಂಘದ ಹಲಸಿನ ಹಪ್ಪಳ, ಸಹಕಾರ ಸಂಘದ ಕೈಮಗ್ಗದ ಬಟ್ಟೆ. ಇಲ್ಲಿ ದಾನದ ಮಾತೇ ಇಲ್ಲ, ನೀವು ಕೊಡುವ ಬೆಲೆಯೇ ಅವರ ಕೂಲಿ.

ಮೊದಲ ಬಗೆಗೆ ಹಂತ 2, 3, 4 ಮುಖ್ಯ. ಎರಡನೆಯದಕ್ಕೆ ಹಂತ 3. ಮೂರನೆಯದಾದರೆ ನೇರ ಹಂತ 5ಕ್ಕೆ ಹೋಗಿ. ನಮ್ಮ ಮಲೆನಾಡಿನಲ್ಲಿ ಸಿಗುವ ಬಹಳಷ್ಟು ವಸ್ತುಗಳು ಮೂರನೆಯ ಬಗೆಯವು. ಅವನ್ನು ಮೊದಲ ಬಗೆಯ ಪ್ರಶ್ನೆ ಕೇಳಿ ಅನುಮಾನಿಸಿದರೆ ಪಾಪ, ಮಾಡಿದವರಿಗೆ ಅನ್ಯಾಯವಾಗುತ್ತದೆ.

ಹಂತ 2: ಪೊಟ್ಟಣದ ಮೇಲಿನ ವಾಕ್ಯವನ್ನು ಒಂದೊಂದೇ ಪದ ಹಿಡಿದು ಓದಿ

ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಬಾಟಲಿ ಜೇನು 400 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ ನಾಲ್ಕು ಥರ ಬರೆದಿರಬಹುದು.

‘ಪ್ರತಿ ಬಾಟಲಿಗೆ 40 ರೂಪಾಯಿ ಶಾಲೆಗೆ’ ಎಂದಿದ್ದರೆ ಲೆಕ್ಕ ಸ್ಪಷ್ಟ. ‘ಬೆಲೆಯ ಶೇ 10’ ಎಂದಿದ್ದರೂ ಹೆಚ್ಚುಕಮ್ಮಿ ಅಷ್ಟೇ. ತೆರಿಗೆ ಕಳೆದ ಬೆಲೆಯೋ, ಸೇರಿಸಿದ ಬೆಲೆಯೋ ಎಂದು ಕೇಳಿದರಾಯಿತು. ‘ಲಾಭದ ಶೇ 10’ ಎಂದರೆ ಕಥೆಯೇ ಬೇರೆ. ಆ ಬಾಟಲಿಯಲ್ಲಿ ಅಂಗಡಿಗೆ 60 ರೂಪಾಯಿ ಲಾಭ ಉಳಿದರೆ ಶಾಲೆಗೆ ಸಿಗುವುದು 6 ರೂಪಾಯಿ. ಲಾಭವೇ ಆಗಲಿಲ್ಲ ಎಂದರೆ ಸೊನ್ನೆ. ಇನ್ನು ‘ಒಂದು ಪಾಲು ಸಮಾಜಸೇವೆಗೆ’ ಎಂದಿದ್ದರೆ ಅದು ಒಂದು ಪೈಸೆಯೂ ಆಗಬಹುದು. ಎಷ್ಟು ಎಂದು ಬರೆಯದ ಮಾತಿಗೆ ನಾನು ಬೆಲೆ ಕೊಡುವುದಿಲ್ಲ, ನೀವೂ ಕೊಡಬೇಡಿ.

ಸರಿಯಾಗಿ ಬರೆದದ್ದು ಹೇಗಿರುತ್ತದೆ? ನಿಮ್ಮ ಮನೆಯಲ್ಲೇ ಉದಾಹರಣೆ ಇರಬಹುದು. ಕ್ಲಾಸ್‌ಮೇಟ್ ನೋಟ್‌ಬುಕ್ಕಿನ ಕಂಪನಿ ನಾಲ್ಕು ಪುಸ್ತಕಕ್ಕೆ 1 ರೂಪಾಯಿ ಸಾಮಾಜಿಕ ಕೆಲಸಕ್ಕೆ ಕೊಡುವುದಾಗಿ ಪ್ರಚಾರ ಮಾಡಿತ್ತು. ಒಂದು ಪುಸ್ತಕಕ್ಕೆ 25 ಪೈಸೆ. ಮೊತ್ತ ಸಣ್ಣದು, ಆದರೆ ಬಚ್ಚಿಟ್ಟಿಲ್ಲ. ಅಷ್ಟು ಸಾಕೋ ಸಾಲದೋ ಎಂದು ನೀವೇ ತೀರ್ಮಾನ ಮಾಡಬಹುದು. ಅಮೆರಿಕದಲ್ಲಿ ಅಮೆಜಾನ್ ಕಂಪನಿ ‘ಅಮೆಜಾನ್ ಸ್ಮೈಲ್’ ಎಂಬ ಯೋಜನೆ ನಡೆಸುತ್ತಿತ್ತು. ಕೊಂಡ ಮೊತ್ತದ ಶೇ 0.5ರಷ್ಟು ಸೇವಾ ಸಂಸ್ಥೆಗೆ. ಅಂದರೆ ಸಾವಿರಕ್ಕೆ ಐದು. 2023ರಲ್ಲಿ ಅದನ್ನು ನಿಲ್ಲಿಸಿದರು. ಸಂಖ್ಯೆ ಬರೆದಿದ್ದರೆ ಹೀಗೆ ಬಾಯಲ್ಲೇ ಲೆಕ್ಕ ಹಾಕಬಹುದು, ಅಲ್ವಾ?

ಇನ್ನೂ ಎರಡು ಪದ ಹುಡುಕಿ. ಮೊದಲನೆಯದು ‘ಗರಿಷ್ಠ’. ‘ಗರಿಷ್ಠ 1 ಲಕ್ಷ ರೂಪಾಯಿವರೆಗೆ’ ಎಂದಿದ್ದರೆ, ಆ ಒಂದು ಲಕ್ಷ ತುಂಬಿದ ಮೇಲೆ ನೀವು ಕೊಂಡ ಬಾಟಲಿಯಿಂದ ಶಾಲೆಗೆ ಏನೂ ಸೇರುವುದಿಲ್ಲ, ಪೊಟ್ಟಣ ಮಾತ್ರ ಅದೇ ಇರುತ್ತದೆ. ಎರಡನೆಯದು ತಾರೀಕು. ಕಳೆದ ವರ್ಷದ ಅಭಿಯಾನದ ಪೊಟ್ಟಣ ಈ ವರ್ಷವೂ ಕಪಾಟಿನಲ್ಲಿ ಕೂತಿರುವುದನ್ನು ನಾನು ಕಂಡಿದ್ದೇನೆ.

ದೊಡ್ಡ ಕಂಪನಿಯಾದರೆ ಇನ್ನೊಂದು ವಿಷಯ ಗೊತ್ತಿರಲಿ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ವರ್ಷಕ್ಕೆ 5 ಕೋಟಿ ನಿವ್ವಳ ಲಾಭ, 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಮೌಲ್ಯ (ಆಸ್ತಿಯಲ್ಲಿ ಸಾಲ ಕಳೆದು ಉಳಿಯುವುದು), ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಎನ್ನುತ್ತಾರೆ, ಕಂಪನಿಯ ಸಾಮಾಜಿಕ ಹೊಣೆ ಎಂದರ್ಥ. ಆದ್ದರಿಂದ ಕೇಳಿ: “ನಾನು ಕೊಂಡರೆ ಹೋಗುವ ಹಣ ಈ ಶೇ 2ರ ಒಳಗಿನದೋ, ಅದರ ಮೇಲಿನದೋ?” ಒಳಗಿನದಾದರೆ ನೀವು ಕೊಳ್ಳದಿದ್ದರೂ ಅವರು ಅಷ್ಟು ಖರ್ಚು ಮಾಡಲೇಬೇಕಿತ್ತು.

ಹಂತ 3: ಹಣ ಸೇರುವ ಸಂಸ್ಥೆ ನಿಜವಾಗಿ ಇದೆಯೇ ನೋಡಿ

‘ಬಡ ಮಕ್ಕಳಿಗೆ’, ‘ಗೋವುಗಳಿಗೆ’, ‘ಪಶ್ಚಿಮ ಘಟ್ಟಕ್ಕೆ’ ಎಂದರೆ ಸಾಲದು. ಘಟ್ಟಕ್ಕೆ ಬ್ಯಾಂಕ್ ಖಾತೆ ಇರುವುದಿಲ್ಲ. ಸಂಸ್ಥೆಯ ಪೂರ್ತಿ ಹೆಸರು ಬೇಕು.

ಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಮೂರು ರೂಪದಲ್ಲಿರುತ್ತವೆ. ಟ್ರಸ್ಟ್ ಆದರೆ ಅದರ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಿರುತ್ತದೆ. ಸಂಘವಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ, ಜಿಲ್ಲಾ ಮಟ್ಟದಲ್ಲಿ ಸಹಕಾರ ಇಲಾಖೆಯ ಕಚೇರಿಯಲ್ಲಿ. ಮೂರನೆಯದು ‘ಸೆಕ್ಷನ್ 8 ಕಂಪನಿ’, ಅಂದರೆ ಲಾಭ ಹಂಚಿಕೊಳ್ಳುವಂತಿಲ್ಲದ ಕಂಪನಿ. ಇದರ ವಿವರ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿದರೆ ಸಿಗುತ್ತದೆ.

ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ ಜಾಲತಾಣದಲ್ಲೂ ಹುಡುಕಿ. ಪದಾಧಿಕಾರಿಗಳು ಯಾರು, ಯಾವ ಜಿಲ್ಲೆಯಲ್ಲಿ ಕೆಲಸ ಎಂಬುದು ಕಾಣುತ್ತದೆ. ಎಚ್ಚರ: ಅಲ್ಲಿನ ಬಹಳಷ್ಟು ವಿವರ ಸಂಸ್ಥೆಯೇ ತುಂಬಿದ್ದು. ಹೆಸರು ಅಲ್ಲಿದೆ ಎಂದ ಮಾತ್ರಕ್ಕೆ ಸರ್ಕಾರ ‘ಇವರು ಒಳ್ಳೆಯವರು’ ಎಂದು ಪ್ರಮಾಣಪತ್ರ ಕೊಟ್ಟ ಹಾಗಲ್ಲ.

ನನಗೆ ಬಹಳ ಉಪಯೋಗಕ್ಕೆ ಬಂದ ಸುಲಭ ಪರೀಕ್ಷೆ ಪ್ಯಾನ್ ಸಂಖ್ಯೆಯದು. ಸಂಸ್ಥೆಯ ರಸೀದಿಯಲ್ಲಿ ಸಾಮಾನ್ಯವಾಗಿ ಪ್ಯಾನ್ ಅಚ್ಚಾಗಿರುತ್ತದೆ. ಅದರ ನಾಲ್ಕನೇ ಅಕ್ಷರ ನೋಡಿ. ಇಂಗ್ಲಿಷಿನ ‘ಟಿ’ ಆದರೆ ಟ್ರಸ್ಟ್, ‘ಎ’ ಆದರೆ ವ್ಯಕ್ತಿಗಳ ಕೂಟ, ‘ಸಿ’ ಆದರೆ ಕಂಪನಿ. ‘ಪಿ’ ಇದ್ದರೆ ಅದು ಒಬ್ಬ ವ್ಯಕ್ತಿಯ ಸ್ವಂತ ಪ್ಯಾನ್. ಸಂಸ್ಥೆಯ ಹೆಸರಿನ ರಸೀದಿಯಲ್ಲಿ ‘ಪಿ’ ಕಂಡರೆ ಅಲ್ಲಿಗೇ ನಿಲ್ಲಿಸಿ, ಯಾಕೆ ಎಂದು ಕೇಳಿ.

ಹೆಸರಿನಲ್ಲಿ ಒಂದು ಅಕ್ಷರದ ವ್ಯತ್ಯಾಸವನ್ನೂ ಬಿಡಬೇಡಿ. ಹೆಸರಾಂತ ಸಂಸ್ಥೆಯ ಹೆಸರಿಗೆ ಹಿಂದೆಯೋ ಮುಂದೆಯೋ ಒಂದು ಪದ ಸೇರಿಸಿ ಇನ್ನೊಂದು ಹುಟ್ಟಿಕೊಳ್ಳುವುದು ಹಳೆಯ ದಾರಿ.

ಹಂತ 4: ಸಂಸ್ಥೆಗೇ ಫೋನ್ ಮಾಡಿ

ಮಾರುವವರು ಕೊಟ್ಟ ನಂಬರಿಗಲ್ಲ. ಸಂಸ್ಥೆಯ ಜಾಲತಾಣದಲ್ಲಿ ಅಥವಾ ಬೋರ್ಡಿನಲ್ಲಿ ಇರುವ ನಂಬರಿಗೆ. “ಇಂಥವರು ನಿಮ್ಮ ಹೆಸರಲ್ಲಿ ಕ್ಯಾಲೆಂಡರ್ ಮಾರ್ತಿದ್ದಾರೆ, ನಿಮಗೆ ಗೊತ್ತಾ? ಎಷ್ಟು ಕೊಡ್ತೀವಿ ಅಂದಿದ್ದಾರೆ?” ಇಷ್ಟು ಕೇಳಿದರೆ ಸಾಕು.

ಒಂದು ಸಲ ನಾನು 300 ರೂಪಾಯಿ ಕೊಟ್ಟು ಅಂಧ ಮಕ್ಕಳ ಶಾಲೆಯ ಹೆಸರಿನ ಕ್ಯಾಲೆಂಡರ್ ಕೊಂಡು, ಮನೆಗೆ ಬಂದ ಮೇಲೆ ಶಾಲೆಗೆ ಫೋನ್ ಮಾಡಿದೆ. ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಅಂದಿನಿಂದ ಕೊಂಡ ಮೇಲಲ್ಲ, ಮುಂಚೆಯೇ ಫೋನ್ ಮಾಡುತ್ತೇನೆ.

ಹಂತ 5: ಮಾಡಿದವರ ಕೈಗೆ ಎಷ್ಟು ಸೇರುತ್ತದೆ ಎಂದು ಕೇಳಿ

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ‘ಮಹಿಳೆಯರಿಗೆ ನೆರವು’, ‘ಕಲಾವಿದರಿಗೆ ಆಸರೆ’ ಎಂದು ಮಾರುವ ವಸ್ತುಗಳು ಬಹಳ. ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಾಳೆ ತಟ್ಟೆ, ಬುಟ್ಟಿ, ಚಿತ್ತಾರದ ಪಟ. ಇವುಗಳಲ್ಲಿ ನೋಡಬೇಕಾದದ್ದು ದಾನದ ಶೇಕಡಾವಾರು ಅಲ್ಲ, ಕೂಲಿ.

ಹಸೆ ಚಿತ್ತಾರದ ಉದಾಹರಣೆ ತೆಗೆದುಕೊಳ್ಳಿ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಬರೆಯುವ ಚಿತ್ರ ಅದು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಬರೆಯುತ್ತಾರೆ. ಒಂದೊಂದು ಗೆರೆಗೂ ಎಷ್ಟು ತಾಳ್ಮೆ ಬೇಕು ಎಂದು ಕೂತು ನೋಡಿದವರಿಗೆ ಗೊತ್ತು. ಈಗ ಅದೇ ಚಿತ್ತಾರ ಮಗ್ಗು, ಡೈರಿ, ಸೀರೆ, ಫೋನ್ ಕವರಿನ ಮೇಲೆಲ್ಲ ಅಚ್ಚಾಗಿ ಬರುತ್ತಿದೆ. ಜೊತೆಗೆ ‘ಗ್ರಾಮೀಣ ಕಲಾವಿದೆಯರಿಗೆ ಬೆಂಬಲ’ ಎಂಬ ಚೀಟಿ.

ಹೀಗೆ ಕೇಳಿ. ಇದು ಕೈಯಲ್ಲಿ ಬರೆದದ್ದೋ, ಫೋಟೊ ತೆಗೆದು ಅಚ್ಚು ಹಾಕಿದ್ದೋ? ಬರೆದವರ ಹೆಸರು, ಊರು ವಸ್ತುವಿನ ಮೇಲೆ ಇದೆಯೇ? ಚಿತ್ರಕ್ಕೆ ಒಂದೇ ಸಲ ಹಣ ಕೊಟ್ಟು ಮುಗಿಸಿದ್ದಾರೋ, ಅಚ್ಚಾದ ಒಂದೊಂದಕ್ಕೂ ಇಷ್ಟು ಎಂದು ಕೊಡುತ್ತಾರೋ? ಒಂದು ಸಲ ಸ್ವಲ್ಪ ಹಣ ಕೊಟ್ಟು ತಂದ ಚಿತ್ರವನ್ನು ಸಾವಿರ ಮಗ್ಗಿಗೆ ಅಚ್ಚು ಹಾಕಿದರೆ, ಅಲ್ಲಿ ಆಸರೆ ಸಿಕ್ಕಿದ್ದು ಮಗ್ಗು ಮಾರುವವರಿಗೆ. ಅಂಗಡಿಯವರು ಹೆಸರು ಹೇಳಿ, “ಅವರಿಗೆ ಒಂದಕ್ಕೆ ಇಷ್ಟು ಕೊಡ್ತೀವಿ” ಎಂದು ತಡವರಿಸದೆ ಹೇಳಿದರೆ ಸಂತೋಷವಾಗಿ ಕೊಳ್ಳಿ. ಚೌಕಾಸಿ ಮಾಡಬೇಡಿ.

ಉಪ್ಪಿನಕಾಯಿ, ಹಪ್ಪಳದಂಥ ತಿನ್ನುವ ವಸ್ತುಗಳಿಗೆ ಪೊಟ್ಟಣದ ಹಿಂದೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ಇದು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಸಂಖ್ಯೆ. ಅದು ಯಾರ ಹೆಸರಿನಲ್ಲಿದೆ ಎಂದು ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ಪೊಟ್ಟಣದ ಮುಂದೆ ಹಳ್ಳಿಯ ಮಹಿಳಾ ಸಂಘದ ಹೆಸರು, ಹಿಂದೆ ದೂರದ ಊರಿನ ಕಂಪನಿಯ ವಿಳಾಸ ಇದ್ದರೆ, ಸಂಘದವರು ಏನು ಮಾಡುತ್ತಾರೆ ಎಂದು ಕೇಳಿ. ಮಿಡಿ ಕೊಯ್ದು ಕೊಡುವುದಷ್ಟೇ ಅವರ ಪಾಲಾಗಿರಬಹುದು.

ಸರ್ಕಾರದ ‘ಸಂಜೀವಿನಿ’ ಯೋಜನೆಯ ಸ್ವಸಹಾಯ ಸಂಘವಾದರೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಒಂದು ಒಕ್ಕೂಟ ಇರುತ್ತದೆ. ಪಂಚಾಯಿತಿಗೆ ಹೋಗಿ ಒಕ್ಕೂಟದವರನ್ನು ವಿಚಾರಿಸಿದರೆ ಆ ಸಂಘ ಇದೆಯೋ ಇಲ್ಲವೋ ತಿಳಿಯುತ್ತದೆ.

ಸಹಕಾರ ಸಂಘಗಳಲ್ಲಿ ಪರೀಕ್ಷೆ ಇನ್ನೂ ಸುಲಭ. ಹೆಗ್ಗೋಡು ಹತ್ತಿರದ ‘ಚರಕ’ ಮಹಿಳೆಯರ ಸಹಕಾರ ಸಂಘ. ನೇಯುವುದು, ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದ ರಸ) ನೈಸರ್ಗಿಕ ಬಣ್ಣ ಹಾಕುವುದು, ಹೊಲಿಯುವುದು ಎಲ್ಲ ಅಲ್ಲಿನ ಕೆಲಸ. ಯಾವುದೇ ಸಹಕಾರ ಸಂಘವಾದರೂ ವರ್ಷಕ್ಕೊಮ್ಮೆ ಮಹಾಸಭೆ ಮಾಡಿ, ಸದಸ್ಯರ ಮುಂದೆ ಲೆಕ್ಕ ಇಡಬೇಕು. ನಿಮಗೆ ಪರಿಚಯದ ಸದಸ್ಯರಿದ್ದರೆ ವಾರ್ಷಿಕ ವರದಿ ಕೇಳಿ ನೋಡಿ. ಅದರಲ್ಲಿ ‘ಕೂಲಿ’ ಅಥವಾ ‘ಮಜೂರಿ’ ಎಂಬ ಸಾಲು ಹುಡುಕಿ. ಒಟ್ಟು ಮಾರಾಟದಲ್ಲಿ ಅದು ಎಷ್ಟು ಭಾಗ ಎಂದು ಲೆಕ್ಕ ಹಾಕಿದರೆ, ನೀವು ಕೊಟ್ಟ ನೂರು ರೂಪಾಯಿಯಲ್ಲಿ ಕೈಗೆ ಸೇರಿದ್ದೆಷ್ಟು ಎಂದು ಗೊತ್ತಾಗುತ್ತದೆ. ಬೇರೆಲ್ಲ ವರದಿಗಿಂತ ನಾನು ನಂಬುವುದು ಈ ಒಂದು ಸಾಲನ್ನು.

ಹಂತ 6: ಹಣ ಕೊಡುವಾಗ ಹೆಸರು ನೋಡಿ, ಬಿಲ್ ಕೇಳಿ

ಕ್ಯೂಆರ್ ಸ್ಕ್ಯಾನ್ ಮಾಡಿದ ಮೇಲೆ ಪಿನ್ ಹಾಕುವ ಮುಂಚೆ ಪರದೆಯಲ್ಲಿ ಹೆಸರು ಬರುತ್ತದೆ. ಒಂದು ಕ್ಷಣ ನಿಂತು ಓದಿ. ಸಂಸ್ಥೆಯ ಹೆಸರಿನ ಬದಲು ಯಾರದೋ ಸ್ವಂತ ಹೆಸರು ಬಂದರೆ ಕೇಳಿ. ಸಣ್ಣ ಸ್ವಸಹಾಯ ಸಂಘಗಳಲ್ಲಿ ಪ್ರತಿನಿಧಿಯ ಖಾತೆಗೆ ಹಾಕಿಸಿಕೊಳ್ಳುವುದು ಉಂಟು, ಅದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಆದರೆ ರಸೀದಿ ಸಂಘದ ಹೆಸರಿನಲ್ಲೇ ಬರಲಿ.

‘80ಜಿ ಇದೆ, ನಿಮಗೆ ತೆರಿಗೆ ಉಳಿಯುತ್ತೆ’ ಎಂದರೆ ಹುಷಾರು. 80ಜಿ ಎಂದರೆ ದೇಣಿಗೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ಸಿಗುವ ರಿಯಾಯಿತಿ. ವಸ್ತುವಿನ ಬೆಲೆಯಾಗಿ ಕೊಟ್ಟ ಹಣ ದೇಣಿಗೆ ಅಲ್ಲ, ಅದಕ್ಕೆ ರಿಯಾಯಿತಿ ಇಲ್ಲ. ನಿಜವಾದ ದೇಣಿಗೆಗೂ ನಗದು ಆದರೆ 2,000 ರೂಪಾಯಿಗಿಂತ ಜಾಸ್ತಿ ಕೊಟ್ಟದ್ದಕ್ಕೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಇಲ್ಲವೇ ಇಲ್ಲ. ಇನ್ನೊಂದು ಕಡೆ, ಮಾರಾಟದಿಂದ ಬಂದ ಹಣದ ಪಾಲನ್ನು ಅಂಗಡಿಯವರು ತಮ್ಮ ಹೆಸರಿನಲ್ಲಿ ದೇಣಿಗೆ ಕೊಟ್ಟು ರಿಯಾಯಿತಿ ಪಡೆಯಬಹುದು. ಅದು ತಪ್ಪೇನಲ್ಲ. ದೇಣಿಗೆ ಕೊಟ್ಟಿದ್ದು ಅವರು ಎಂದು ಲೆಕ್ಕ, ನೀವಲ್ಲ.

ಹಂತ 7: ಕೊಳ್ಳುವುದೋ, ನೇರವಾಗಿ ಕೊಡುವುದೋ ಎಂದು ತೀರ್ಮಾನಿಸಿ

ಒಂದೇ ಪ್ರಶ್ನೆ ಹಾಕಿಕೊಳ್ಳಿ: ‘ಹಣ ಸೇವೆಗೆ’ ಎಂಬ ಈ ಚೀಟಿ ಇಲ್ಲದಿದ್ದರೂ ನಾನಿದನ್ನು ಕೊಳ್ಳುತ್ತಿದ್ದೆನಾ?

ಹೌದಾದರೆ ಕೊಳ್ಳಿ, ಜೊತೆಗೆ ಹೋಗುವ 20 ರೂಪಾಯಿ ಹೆಚ್ಚುವರಿ ಸಂತೋಷ. ಇಲ್ಲವಾದರೆ ಬೇಡದ ಮಗ್ಗಿಗೆ 350 ಕೊಟ್ಟು ಗೋಶಾಲೆಗೆ 20 ತಲುಪಿಸುವ ಬದಲು, ಗೋಶಾಲೆಗೇ 100 ಕೊಡಿ. ನಿಮಗೆ 250 ಉಳಿಯಿತು, ಅವರಿಗೆ ಐದು ಪಟ್ಟು ಸಿಕ್ಕಿತು. ಪ್ರಾಣಿಗಳ ಮೇಲೆ ಪ್ರೀತಿ ಇರುವವರು ಹುಲಿ ಚಿತ್ರದ ಟೀ ಶರ್ಟ್ ಕೊಳ್ಳುವುದಕ್ಕಿಂತ ನಮ್ಮ ತ್ಯಾವರೆಕೊಪ್ಪದ ಮೃಗಾಲಯದಲ್ಲಿ ಪ್ರಾಣಿ ದತ್ತು ಯೋಜನೆ ವಿಚಾರಿಸಬಹುದು. ಅದು ಕರ್ನಾಟಕ ಮೃಗಾಲಯ ಪ್ರಾಧಿಕಾರದ ಯೋಜನೆ.

ಈ ಲೆಕ್ಕ ಮೂರನೆಯ ಬಗೆಗೆ ಹೊಂದುವುದಿಲ್ಲ. ಬುಟ್ಟಿ ಹೆಣೆಯುವವರಿಗೆ, ಬಟ್ಟೆ ನೇಯುವವರಿಗೆ ನಿಮ್ಮ ದೇಣಿಗೆ ಬೇಡ, ಮಾರಾಟ ಬೇಕು. ಅಲ್ಲಿ ಕೊಳ್ಳುವುದೇ ಸರಿ. ಹಬ್ಬಕ್ಕೊಮ್ಮೆ ಬದಲು ವರ್ಷವಿಡೀ ಸ್ವಲ್ಪ ಸ್ವಲ್ಪ ಕೊಂಡರೆ ಇನ್ನೂ ಒಳ್ಳೆಯದು. ಪ್ರವಾಸಿಗರು ಬಾರದ ದಿನಗಳಲ್ಲಿ ಅವರಿಗೆ ಹೆಚ್ಚು ಕಷ್ಟ.

ಹಂತ 8: ಜಾಸ್ತಿ ಕೊಳ್ಳುವುದಾದರೆ ಬರಹದಲ್ಲಿ ಪಡೆಯಿರಿ

ಮದುವೆಗೆ 300 ಬುಟ್ಟಿ, ಕಚೇರಿಗೆ 200 ಡಬ್ಬ ತರಿಸುವವರು ಮುಂಗಡ ಕೊಡುವ ಮೊದಲು ಹೀಗೊಂದು ಸಂದೇಶ ಕಳಿಸಿ:

“ನಾವು ಇಷ್ಟು ಡಬ್ಬ ಕೊಳ್ಳುತ್ತಿದ್ದೇವೆ. ಒಂದು ಡಬ್ಬಕ್ಕೆ ಇಷ್ಟು ರೂಪಾಯಿಯಂತೆ ಒಟ್ಟು ಇಷ್ಟು ಹಣವನ್ನು ಇಂಥ ಸಂಸ್ಥೆಗೆ ಇಂಥ ತಾರೀಕಿನೊಳಗೆ ಕೊಟ್ಟು, ಅವರ ರಸೀದಿಯ ಪ್ರತಿಯನ್ನು ನಮಗೆ ಕಳಿಸುತ್ತೀರಿ ಎಂದು ಒಪ್ಪಿಗೆ ತಿಳಿಸಿ.”

ಪ್ರಾಮಾಣಿಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. “ನಂಬಿಕೆ ಇಲ್ವಾ?” ಎಂದು ಮುಖ ಗಂಟಿಕ್ಕಿದರೆ ಬೇರೆಯವರನ್ನು ನೋಡಿ.

ಹಂತ 9: ಹೇಳಿದ್ದೊಂದು, ಮಾಡಿದ್ದೊಂದು ಆದರೆ

ಮೊದಲು ಮಾರಿದವರನ್ನೇ ಕೇಳಿ, ವಾರ ಕಾಯಿರಿ. ಎಷ್ಟೋ ಸಲ ಹಣ ಕೊಡಲು ತಡವಾಗಿರುತ್ತದೆ, ಅಷ್ಟೇ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ವಸ್ತು ಕೊಂಡಿರುವುದರಿಂದ ನೀವು ಗ್ರಾಹಕರು. ಸುಳ್ಳು ಹೇಳಿ ಮಾರಿದ್ದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತು ಆಗಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥದ್ದಕ್ಕೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ದೂರನ್ನು ಎರಡು ವರ್ಷದೊಳಗೆ ಕೊಡಬೇಕು. ಆನ್‌ಲೈನಿನಲ್ಲಿ ಹಣ ಕಟ್ಟಿಸಿಕೊಂಡು ನಾಪತ್ತೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ದೂರಿಗೆ ಬೇಕಾಗುವುದು ಬಿಲ್, ಪೊಟ್ಟಣದ ಫೋಟೊ, ಹಣ ಕೊಟ್ಟ ದಾಖಲೆ. ಹಾಗಾಗಿ ಪೊಟ್ಟಣ ಎಸೆಯುವ ಮುಂಚೆ ಹಿಂದೆ ಮುಂದೆ ಎರಡೂ ಕಡೆ ಫೋಟೊ ತೆಗೆದಿಡಿ. ಹಣ ತಲುಪಿಸುತ್ತೇವೆ ಎಂದ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ದೀಪಾವಳಿಗೆ ಕೊಂಡ ಹಣತೆಯ ಲೆಕ್ಕವನ್ನು ಸಂಕ್ರಾಂತಿಯ ಹೊತ್ತಿಗೆ ಗೋಶಾಲೆಗೆ ಫೋನ್ ಮಾಡಿ ಕೇಳಿ. ಹಣ ಬಂದಿದೆ ಎಂದರೆ, ಹಣತೆ ಮಾರಿದವರಿಗೂ ಫೋನ್ ಮಾಡಿ ಅದನ್ನು ತಿಳಿಸಿ.